ಭಾಗಿಸದೆಯೇ ‘ಭಾಗವಾಗದು’ ಎನ್ನುವುದು ಹೇಗೆ?

ಪ್ರಶ್ನೆ: 2024ರಲ್ಲಿ ಸಿಕ್ಕ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆಯಂತೆ. ಅದು ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದು ಎಂದು ಯಾರು ಭಾಗಿಸಿ ನೋಡಿದರು?

ಯಾರೂ ಭಾಗಿಸಿ ನೋಡಲಿಲ್ಲ. ಹಾಗೆ ನೋಡಹೊರಟರೆ 39 ಅಂಕಿಯ ಸಂಖ್ಯೆಗೇ ಕೈಸೋಲುತ್ತದೆ. ಆದರೂ ಫ್ರಾನ್ಸಿನ ಎದುವಾರ್ ಲೂಕಾ 1876ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಅಷ್ಟು ಅಂಕಿಯ ಒಂದು ಸಂಖ್ಯೆ ಅವಿಭಾಜ್ಯ ಎಂದು ತೋರಿಸಿದ. ಅವನ ದಾರಿಯನ್ನು ಮುಂದೆ ಅಮೆರಿಕದ ಡಿ. ಎಚ್. ಲೆಹ್ಮರ್ ಹದಗೊಳಿಸಿದ. ಇಂಥ ಸಂಖ್ಯೆ ಅವಿಭಾಜ್ಯ ಎಂದು ಕೊನೆಗೆ ಖಚಿತಪಡಿಸಲು ಇಂದಿಗೂ ಬಳಸುವುದು ಅದನ್ನೇ.

ಈ ದಾರಿ ಎಲ್ಲ ಸಂಖ್ಯೆಗಳಿಗೂ ಒದಗುವುದಿಲ್ಲ. ಎರಡುಗಳನ್ನು ಒಂದಕ್ಕೊಂದು ಗುಣಿಸುತ್ತ ಹೋಗಿ ಕೊನೆಗೆ ಒಂದು ಕಳೆದರೆ ಸಿಗುವ ಮರ್ಸೆನ್ ಸಂಖ್ಯೆಗಳಿಗೆ ಮಾತ್ರ. ಏಳು ಎರಡುಗಳನ್ನು ಗುಣಿಸಿದರೆ 128, ಒಂದು ಕಳೆದರೆ 127. ಇದನ್ನೇ ಪರೀಕ್ಷಿಸೋಣ, ಪೆನ್ನು ಹಿಡಿದು ಕೂತುಕೊಳ್ಳಿ.

4ರಿಂದ ಶುರು. ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಇಟ್ಟುಕೊಂಡು, ಅದಕ್ಕೂ ಹೀಗೇ ಮಾಡುತ್ತ ಹೋಗಿ. ಮೊದಲು 14. ಆಮೇಲೆ 194, ಅದರ ಶೇಷ 67. ಮುಂದೆ 42, ಆಮೇಲೆ 111. ಐದನೇ ಸಲ 12,319 ಬರುತ್ತದೆ; ಅದು ಸರಿಯಾಗಿ 127ರ 97 ಪಟ್ಟು, ಶೇಷ ಸೊನ್ನೆ. ಏಳು ಎರಡುಗಳಿದ್ದರೆ ಐದು ಸುತ್ತು, ಅಂದರೆ ಎರಡು ಕಡಿಮೆ. ಕೊನೆಯ ಸುತ್ತಿನಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಇದು ಅಂದಾಜಲ್ಲ, ಸಾಧಿಸಿದ ಪ್ರಮೇಯ.

ಶೇಷ ತೆಗೆಯಲು ಭಾಗಾಕಾರವೂ ಬೇಕಿಲ್ಲ. 128ನ್ನು 127ರಿಂದ ಭಾಗಿಸಿದರೆ ಉಳಿಯುವುದು ಒಂದೇ. 194ರಲ್ಲಿ ಒಂದು 128 ಇದೆ, ಉಳಿದದ್ದು 66. ಒಂದನ್ನೂ 66ನ್ನೂ ಕೂಡಿಸಿದರೆ 67. ಕಂಪ್ಯೂಟರಿಗೆ ಇಂಥ ಸಂಖ್ಯೆಗಳು ಇಷ್ಟು ಸಲೀಸಾಗಿರುವುದು ಇದರಿಂದಲೇ.

ನನಗೆ ಎಲ್ಲಕ್ಕಿಂತ ಸೋಜಿಗ ಎನಿಸುವುದು ಸೊನ್ನೆ ಬಾರದ ಪ್ರಸಂಗ. ಹನ್ನೊಂದು ಎರಡುಗಳಿಂದ ಸಿಗುವ 2047ನ್ನು ಹೀಗೇ ಪರೀಕ್ಷಿಸಿದರೆ ಒಂಬತ್ತನೇ ಸುತ್ತಿನಲ್ಲಿ 1736 ಉಳಿಯುತ್ತದೆ. ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಯಿತು. ಆದರೆ 23 ಮತ್ತು 89 ಎಂಬ ತುಂಡುಗಳ ಸುಳಿವೇ ಇಲ್ಲ. 67 ಎರಡುಗಳ ಸಂಖ್ಯೆ ಒಡೆಯುತ್ತದೆ ಎಂದು ಲೂಕಾ ಹೇಳಿ ಕಾಲು ಶತಮಾನ ದಾಟಿದ ಮೇಲೆ, 1903ರಲ್ಲಿ, ಫ್ರಾಂಕ್ ನೆಲ್ಸನ್ ಕೋಲ್ ಅದರ ತುಂಡುಗಳನ್ನು ಹಿಡಿದು ತಂದರು: 193707721 ಮತ್ತು 761838257287.

ಈಗ ನಿಮ್ಮ ಸಂಖ್ಯೆಗೆ ಬರೋಣ. ಅದರಲ್ಲಿ 13,62,79,841 ಎರಡುಗಳು, ಬರೆದರೆ 4,10,24,320 ಅಂಕಿಗಳು. ಕಂಡುಹಿಡಿದದ್ದು ಜಿಂಪ್ಸ್ ಎಂಬ ಸ್ವಯಂಸೇವಕರ ಯೋಜನೆಯಲ್ಲಿದ್ದ ಲೂಕ್ ಡುರಾಂಟ್. ಹದಿಮೂರೂವರೆ ಕೋಟಿಗೂ ಹೆಚ್ಚು ಸುತ್ತುಗಳು, ಪ್ರತಿ ಸುತ್ತಿನಲ್ಲೂ ಕೋಟಿಗಟ್ಟಲೆ ಅಂಕಿಗಳ ವರ್ಗ. ನಡುವೆ ಒಂದೇ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಲೆಕ್ಕವೆಲ್ಲ ಹಾಳು. ಅದಕ್ಕೇ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಿಂದ ಈ ಲೆಕ್ಕವನ್ನು ಮೊದಲಿನಿಂದ ಹಾಕಿಸಿದರು. ಪ್ರತಿ ಸಲವೂ ಕೊನೆಯಲ್ಲಿ ಸೊನ್ನೆಯೇ ಬಂತು.