ಪತ್ತೇದಾರಿ ಕಾದಂಬರಿ ಬಗ್ಗೆ ಶುರುವಾದ ಮಾತು ಯಾಕೆ ಎಲ್ಲೆಲ್ಲೋ ಹೋಗುತ್ತದೆ?

ಪ್ರಶ್ನೆ: ನಮ್ಮ ಆನ್‌ಲೈನ್ ಗುಂಪಿನಲ್ಲಿ ಪತ್ತೇದಾರಿ ಕಾದಂಬರಿ ಬಗ್ಗೆ ಮಾತು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೇ ಯಾವುದೋ ನಿಜವಾದ ಕೊಲೆ ಕೇಸಿನ ಕಡೆ ಹೊರಳುತ್ತದೆ. ಏನು ಮಾಡೋದು?

ಉತ್ತರ: ನಿಜವಾದ ಕೇಸಿನ ಪ್ರಸ್ತಾಪ ಬಂದ ಮಾತ್ರಕ್ಕೆ ದಾರಿ ತಪ್ಪಿತು ಅಂತಲ್ಲ. 1841ರಲ್ಲಿ ನ್ಯೂಯಾರ್ಕಿನ ಮೇರಿ ರೋಜರ್ಸ್ ಎಂಬ ಯುವತಿಯ ಹೆಣ ಹಡ್ಸನ್ ನದಿಯಲ್ಲಿ ಸಿಕ್ಕಿತು. ಮರುವರ್ಷವೇ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಅದನ್ನು ಪತ್ತೇದಾರಿ ಕಥೆ ಮಾಡಿದರು. ಊರು ಪ್ಯಾರಿಸ್ ಆಯಿತು, ಮೇರಿ ರೋಜರ್ಸ್ ಹೋಗಿ ಮೇರಿ ರೋಜೆ ಆದಳು. ಆ ಕಥೆ ಓದಿದವರು ಮೂಲ ಘಟನೆಯ ಮಾತೆತ್ತದೆ ಇರೋಕಾಗುತ್ತಾ? ಪೋ ಏನನ್ನು ಬದಲಿಸಿದರು, ಯಾಕೆ ಅಂತ ಕೇಳುವವರೆಗೂ ನಾವು ಕಥೆಯೊಳಗೇ ಇದ್ದೇವೆ. ‘ನಿಜವಾಗಿ ಕೊಂದಿದ್ದು ಯಾರು’ ಅಂತ ವಾದಕ್ಕೆ ಇಳಿದಾಗ ಕಥೆ ಕೈಬಿಟ್ಟಿತು. ಈಚಿನ ಕೇಸಾದರಂತೂ ಅಂಥ ಊಹೆಗಳನ್ನು ತಕ್ಷಣ ನಿಲ್ಲಿಸಬೇಕು. ಸತ್ತವರ ಮನೆಯವರು ಅದನ್ನು ಓದಬಹುದು, ಅಲ್ವಾ?

ಆದರೆ ನನ್ನ ಪ್ರಕಾರ ತೊಂದರೆ ಜಾಸ್ತಿ ಇರೋದು ಮೊದಲ ಪ್ರಶ್ನೆಯಲ್ಲಿ. ‘ಪುಸ್ತಕ ಹೇಗಿತ್ತು?’ ಅಂದರೆ ಯಾರು ಏನು ಬೇಕಾದರೂ ಹೇಳಬಹುದು. ‘ಮೂರನೇ ಅಧ್ಯಾಯದಲ್ಲಿ ಗಡಿಯಾರ ಹತ್ತು ನಿಮಿಷ ಹಿಂದಿತ್ತಲ್ಲ, ಆಗಲೇ ನಿಮಗೆ ಅನುಮಾನ ಬಂತಾ?’ ಅಂತ ಕೇಳಿ ನೋಡಿ. ಜನ ಪುಸ್ತಕ ತೆಗೆದು ಆ ಪುಟ ಹುಡುಕುತ್ತಾರೆ.

ಮಾತು ಜಾರಿದಾಗ ಎಳೆದು ತರೋಕೂ ಒಂದು ಹಳೆಯ ಪ್ರಶ್ನೆ ಇದೆ: ಲೇಖಕರು ಓದುಗರಿಗೆ ಮೋಸ ಮಾಡಿದರಾ? 1926ರಲ್ಲಿ ಅಗಾಥಾ ಕ್ರಿಸ್ಟಿ ಒಂದು ಕಾದಂಬರಿಯನ್ನು ಮುಗಿಸಿದ ರೀತಿಗೆ ಓದುಗರು ಇದೇ ಜಗಳ ಆಡಿದರು. 1929ರಲ್ಲಿ ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಈ ಬಗೆಯ ಕಥೆಗಳಿಗೆ ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಗೂ ಕೂಡಲೇ ತೋರಿಸಬೇಕು ಅನ್ನೋದು ಅದರಲ್ಲೊಂದು. ಸುಳಿವು ಎಲ್ಲಿತ್ತು ಅಂತ ಕೇಳಿದರೆ ಉತ್ತರ ಪುಟದಲ್ಲೇ ಸಿಗಬೇಕು.

‘ವಿಷಯ ಬಿಟ್ಟು ಮಾತಾಡಬೇಡಿ’ ಅಂತ ಎಲ್ಲರೆದುರು ಗದರಬೇಡಿ. ಹೊಸಬರು ಆಮೇಲೆ ಬಾಯಿಯೇ ಬಿಡೋದಿಲ್ಲ. ಸುಮ್ನೆ ಆ ಹರಟೆಗೆ ಬೇರೆ ಜಾಗ ಮಾಡಿಕೊಡಿ.

ಇನ್ನೊಂದು, ‘ಹನ್ನೆರಡನೇ ಅಧ್ಯಾಯದವರೆಗೆ ಮಾತ್ರ’ ಅಂತ ಮೇಲೆಯೇ ಬರೆದುಬಿಡಿ. ಓದು ಮುಗಿಸದವರೂ ಆಗ ಧೈರ್ಯವಾಗಿ ಬರುತ್ತಾರೆ. ಕೊಲೆಗಾರ ಯಾರೆಂದು ಇನ್ನೂ ಗೊತ್ತಿಲ್ಲದವರ ಊಹೆಗಳೇ ನನಗಂತೂ ಎಲ್ಲಕ್ಕಿಂತ ಇಷ್ಟ.