ರೆಫರೆನ್ಸ್ ಸಾಫ್ಟ್‌ವೇರ್ ಆರಿಸುವ ಮೊದಲು ಹೊರಬಾಗಿಲು ನೋಡಿ

ಥೀಸಿಸ್ ಬರೆಯುವವರಿಗೆ ಕೊನೆಯ ತಿಂಗಳಲ್ಲಿ ನಿದ್ದೆ ಕೆಡಿಸುವುದು ಸಂಶೋಧನೆಯಲ್ಲ, ಗ್ರಂಥಋಣ. ಇನ್ನೂರು ಮುನ್ನೂರು ಆಕರ ಇರುತ್ತವೆ. ಯಾರದೋ ಹೆಸರು ಹಿಂದೆ ಮುಂದೆ, ಯಾವುದೋ ಪುಸ್ತಕಕ್ಕೆ ವರ್ಷ ಇಲ್ಲ, ಮೂರನೇ ಅಧ್ಯಾಯದಲ್ಲಿ ಹೆಸರಿಸಿದ ಲೇಖನ ಕೊನೆಯ ಪಟ್ಟಿಯಲ್ಲಿ ಕಾಣೆ. ಹಾಸನದ ವೈದ್ಯ ವಿದ್ಯಾರ್ಥಿಯಾಗಲಿ, ಕಾರೆಕೆರೆ ಕೃಷಿ ಕಾಲೇಜಿನವರಾಗಲಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕಾಂಡಕೊರಕದ ಹಿಂದೆ ಬಿದ್ದವರಾಗಲಿ, ಬೇಲೂರಿನ ಶಾಸನ ಓದುವವರಾಗಲಿ, ಈ ಪಾಡು ಎಲ್ಲರಿಗೂ ಒಂದೇ. ಆಕರಗಳನ್ನು ಕೂಡಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್‌ಗಳ ಬಗ್ಗೆ ಕೇಳುವ ಪ್ರಶ್ನೆಯೂ ಒಂದೇ: ಜೊಟೆರೊ, ಮೆಂಡಲೇ, ಎಂಡ್‌ನೋಟ್, ಇದರಲ್ಲಿ ಯಾವುದು ಒಳ್ಳೇದು?

ಸಾಮಾನ್ಯವಾಗಿ ಸಿಗುವ ಉತ್ತರ, 'ನಾನು ಬಳಸೋದು ಇದು, ನೀನೂ ಇದನ್ನೇ ಹಾಕ್ಕೋ.' ತಪ್ಪಿಲ್ಲ, ಆದರೆ ಸಾಲದು. ಒಳಗೆ ಹೋಗುವುದು ಇವೆಲ್ಲದರಲ್ಲೂ ಸುಲಭ. ನಾಳೆ ಬೇಡ ಅನಿಸಿದಾಗ ನಿಮ್ಮ ಆಕರಗಳನ್ನೆಲ್ಲ ಹೊತ್ತುಕೊಂಡು ಹೊರಗೆ ಬರಲು ಆಗುತ್ತದಾ ಅನ್ನುವುದನ್ನು ಮೊದಲು ನೋಡಬೇಕು.

ಅದಕ್ಕೂ ಮೊದಲು, ಇದು ಕೆಲಸ ಮಾಡುವುದು ಹೇಗೆ ಅಂತ ಸ್ವಲ್ಪ ನೋಡೋಣ. ಈ ಸಾಫ್ಟ್‌ವೇರ್‌ಗಳ ತಿರುಳು ಒಂದೇ: ಮಾಹಿತಿ ಬೇರೆ, ಅದನ್ನು ತೋರಿಸುವ ರೀತಿ ಬೇರೆ. ಲೇಖಕ, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ, ಎಲ್ಲವೂ ಬೇರೆ ಬೇರೆ ಖಾನೆಯಲ್ಲಿ ಕೂರುತ್ತವೆ. ಎಪಿಎ ಬೇಕೋ ವ್ಯಾಂಕೂವರ್ ಬೇಕೋ, ಅಂದರೆ ಉಲ್ಲೇಖ ಬರೆಯುವ ಯಾವ ಪದ್ಧತಿ ಬೇಕು ಅನ್ನುವುದು ಒಂದು ಪುಟ್ಟ ಸ್ಟೈಲ್ ಫೈಲ್‌ನ ಕೆಲಸ. ಸಿಎಸ್ಎಲ್ ಎಂಬ ಮುಕ್ತ ಭಾಷೆಯಲ್ಲಿ ಬರೆದ ಇಂಥ ಸ್ಟೈಲ್‌ಗಳು 10,000ಕ್ಕೂ ಜಾಸ್ತಿ ಇವೆ, ಜೊಟೆರೊ ಮತ್ತು ಮೆಂಡಲೇ ಎರಡೂ ಬಳಸುವುದು ಅದನ್ನೇ. ಹಾಗಾಗಿ 'ನಮ್ಮ ಜರ್ನಲ್‌ನ ಸ್ಟೈಲ್ ಇದರಲ್ಲಿ ಇದೆಯಾ' ಅಂತ ತಲೆ ಕೆಡಿಸಿಕೊಳ್ಳಬೇಕಾದ ಸಂದರ್ಭ ಈಗ ಕಡಿಮೆ. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ನಿಯಮ ಹೇಳಿ ಲೇಖಕರನ್ನು ಗೋಳಾಡಿಸುವುದು ಬೇಡ ಅಂತ ಮಾತಾಡಿಕೊಂಡರು. ಆ ಸ್ಟೈಲ್‌ಗೆ ಹೆಸರು ಬಂದಿದ್ದೇ ಅಲ್ಲಿಂದ. ಗೋಳು ಮಾತ್ರ ಪೂರ್ತಿ ತಪ್ಪಲಿಲ್ಲ ಬಿಡಿ.

ಇನ್ನು ಮಾಹಿತಿ ತುಂಬುವ ಕೆಲಸ. 2000ರಿಂದ ಈಚೆಗೆ ಲೇಖನಗಳಿಗೆ ಡಿಒಐ ಎಂಬ ಗುರುತಿನ ಸಂಖ್ಯೆ ಬಂದಿದೆ, 10 ಎಂಬ ಅಂಕಿಯಿಂದ ಶುರುವಾಗುತ್ತದೆ. ಅದನ್ನು ಹಾಕಿದರೆ ಸಾಫ್ಟ್‌ವೇರ್ ಕ್ರಾಸ್‌ರೆಫ್‌ನಂಥ ನೋಂದಣಿ ಸಂಸ್ಥೆಯ ಕಡತದಿಂದ ವಿವರ ತಂದು ಖಾನೆ ತುಂಬುತ್ತದೆ. ವರ್ಡ್ ಒಳಗೆ ನೀವು ಉಲ್ಲೇಖ ಸೇರಿಸಿದಾಗ ಅಲ್ಲಿ ಕಾಣುವುದು ಬರಿಯ ಅಕ್ಷರವಲ್ಲ, ಅದರ ಹಿಂದೆ ಒಂದು ಜೀವಂತ ಫೀಲ್ಡ್ ಇರುತ್ತದೆ. ಅದರಿಂದಲೇ ನಡುವೆ ಒಂದು ಆಕರ ಸೇರಿಸಿದರೆ ಕೆಳಗಿನ ನಂಬರ್‌ಗಳೆಲ್ಲ ತಾವೇ ಸರಿಯಾಗುತ್ತವೆ. ಈ ಫೀಲ್ಡ್ ವಿಷಯ ನೆನಪಿಟ್ಟುಕೊಳ್ಳಿ, ಡಿಟಿಪಿ ಸೆಂಟರ್ ಮಾತು ಬಂದಾಗ ಬೇಕಾಗುತ್ತದೆ.

ಹೊರಬಾಗಿಲು ಅಂದೆನಲ್ಲ, ಅದರ ಹಿಂದೆ ನಿಜವಾದ ಜಗಳದ ಇತಿಹಾಸವಿದೆ. ಎಂಡ್‌ನೋಟ್ 1980ರ ದಶಕದ ಕೊನೆಯಿಂದ ಇರುವ ಹಳೆಯ ಸಾಫ್ಟ್‌ವೇರ್, ಹಣ ಕೊಟ್ಟು ಕೊಳ್ಳಬೇಕು. ಜೊಟೆರೊ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದರಿಂದ ಬಂತು. ಉಚಿತ, ಮುಕ್ತ ತಂತ್ರಾಂಶ. ಎರಡು ವರ್ಷದ ನಂತರ ಅದು ಎಂಡ್‌ನೋಟ್‌ನ ಸ್ಟೈಲ್ ಫೈಲ್‌ಗಳನ್ನು ಓದುವುದನ್ನು ಕಲಿತಾಗ, ಆಗ ಎಂಡ್‌ನೋಟ್‌ನ ಒಡೆತನ ಹೊಂದಿದ್ದ ಥಾಮ್ಸನ್ ರಾಯ್ಟರ್ಸ್ ಕಂಪನಿ ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿತು. ಕೇಳಿದ ಪರಿಹಾರ ಕೋಟಿ ಡಾಲರ್ ಲೆಕ್ಕದಲ್ಲಿತ್ತು. 2009ರಲ್ಲಿ ವರ್ಜೀನಿಯಾದ ನ್ಯಾಯಾಲಯ ಕೇಸ್ ವಜಾ ಮಾಡಿತು. ಅಡಿಟಿಪ್ಪಣಿಯಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕು ಅಂತ ಹೇಳುವ ಫೈಲ್‌ಗೋಸ್ಕರ ಇಷ್ಟೆಲ್ಲ!

ಮೆಂಡಲೇ ಕಥೆ ಇನ್ನೊಂದು ಬಗೆಯದು. ಲಂಡನ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಕಟ್ಟಿದ್ದು. ಚೆನ್ನಾಗಿತ್ತು, ಹುಡುಗರಿಗೆ ಇಷ್ಟವಾಗಿತ್ತು. 2013ರಲ್ಲಿ ದೊಡ್ಡ ಪ್ರಕಾಶಕ ಎಲ್ಸೆವಿಯರ್ ಅದನ್ನು ಕೊಂಡಿತು. 2018ರಲ್ಲಿ ನಿಮ್ಮದೇ ಕಂಪ್ಯೂಟರ್‌ನಲ್ಲಿರುವ ಮೆಂಡಲೇ ಡೇಟಾಬೇಸ್‌ಗೆ ಬೀಗ ಬಿತ್ತು, ಅಂದರೆ ಎನ್‌ಕ್ರಿಪ್ಟ್ ಆಯಿತು. ಸುರಕ್ಷತೆಗಾಗಿ ಅಂತ ಕಂಪನಿ ಹೇಳಿತು. ಆದರೆ ಅದನ್ನು ನೇರವಾಗಿ ಓದಿ ಜೊಟೆರೊಗೆ ತರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಜೊಟೆರೊದವರು ಆಮೇಲೆ ಆನ್‌ಲೈನ್ ಮೂಲಕ ಆಮದು ಮಾಡುವ ಬೇರೆ ದಾರಿ ಮಾಡಿಕೊಂಡರು, ಅದು ಬೇರೆ ಮಾತು. 2021ರಲ್ಲಿ ಮೊಬೈಲ್ ಆ್ಯಪ್ ನಿಂತಿತು. 2022ರ ಸೆಪ್ಟೆಂಬರ್‌ನಿಂದ ಹಳೆಯ ಮೆಂಡಲೇ ಡೆಸ್ಕ್‌ಟಾಪ್ ಹೊಸದಾಗಿ ಸಿಗುವುದೂ ನಿಂತು, ಅದರ ಜಾಗಕ್ಕೆ ರೆಫರೆನ್ಸ್ ಮ್ಯಾನೇಜರ್ ಅನ್ನುವ ಬೇರೆಯದೇ ತಂತ್ರಾಂಶ ಬಂತು. ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುವ ನಮ್ಮ ಕಡೆ, ಸೇರುವಾಗ ಇದ್ದ ಸಾಫ್ಟ್‌ವೇರ್ ಸಬ್ಮಿಟ್ ಮಾಡುವಾಗ ಇರುವುದಿಲ್ಲ ಅನ್ನುವುದು ಸುಮ್ನೆ ಹೆದರಿಸುವ ಮಾತಲ್ಲ.

ಜೊಟೆರೊ ಹೊರಬಾಗಿಲಲ್ಲೂ ಒಂದು ಹೊಸ್ತಿಲಿದೆ. 2022ರ ಆರನೇ ಆವೃತ್ತಿಯಿಂದ ಪಿಡಿಎಫ್ ಅದರೊಳಗೇ ತೆರೆಯುತ್ತದೆ, ನೀವು ಹಳದಿ ಬಳಿದ ಸಾಲುಗಳು ಪಿಡಿಎಫ್ ಒಳಗಲ್ಲ, ಜೊಟೆರೊ ಡೇಟಾಬೇಸ್‌ನಲ್ಲಿ ಉಳಿಯುತ್ತವೆ. ಫೋಲ್ಡರ್‌ನಿಂದ ಬರಿಯ ಪಿಡಿಎಫ್ ಎತ್ತಿಕೊಂಡು ಹೋದರೆ ಗುರುತುಗಳು ಬರುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿಯೇ ತೆಗೆಯಬೇಕು. ಆರ್‌ಐಎಸ್, ಬಿಬ್‌ಟೆಕ್ ಎಂಬ ಸಾಮಾನ್ಯ ರೂಪಗಳಲ್ಲಿ ಆಕರಗಳ ವಿವರ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ಫೋಲ್ಡರ್ ಜೋಡಣೆ, ಟಿಪ್ಪಣಿ ಎಲ್ಲ ಪೂರ್ತಿ ದಾಟುತ್ತವೆ ಅಂತ ನಂಬಬೇಡಿ.

ಇಷ್ಟು ಎಲ್ಲಾ ಊರಿನವರಿಗೂ ಅನ್ವಯಿಸುವ ಮಾತು. ನಮಗೆ ಬೇರೆಯೇ ತಲೆನೋವುಗಳಿವೆ, ಅದನ್ನು ಯಾವ ಇಂಗ್ಲಿಷ್ ಹೋಲಿಕೆ ಪಟ್ಟಿಯೂ ಹೇಳುವುದಿಲ್ಲ.

ಮೊದಲು ಹೆಸರು. ಈ ಸಾಫ್ಟ್‌ವೇರ್‌ಗಳು ಮನೆತನದ ಹೆಸರು ಒಂದು ಖಾನೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ ಕೇಳುತ್ತವೆ. ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ವಿಷಯದಲ್ಲಿ ತೊಂದರೆಯಿಲ್ಲ, ರೈಸ್ ಮನೆತನ, ಬೆಂಜಮಿನ್ ಲೂಯಿಸ್ ಹೆಸರು. ಆದರೆ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ? ಇಲ್ಲಿ ಇನಿಷಿಯಲ್ ಮನೆತನವಲ್ಲ, ಕೃಷ್ಣ ಮನೆತನದ ಹೆಸರೂ ಅಲ್ಲ. ಆದರೂ ಕೃಷ್ಣ ಅನ್ನುವುದನ್ನು ಮನೆತನದ ಖಾನೆಗೇ ಹಾಕಿ, ಪಟ್ಟಿಯಲ್ಲಿ ಜನ ಹುಡುಕುವುದು ಅದನ್ನೇ. ಒಂದೇ ಹೆಸರಿನ ಲೇಖಕರಿಗೆ, ಸಂಸ್ಥೆಗಳಿಗೆ ಜೊಟೆರೊದಲ್ಲಿ ಎರಡು ಖಾನೆಯನ್ನು ಒಂದಾಗಿಸುವ ಪುಟ್ಟ ಗುಂಡಿ ಇದೆ. ಕಾಫಿ ಬೋರ್ಡ್ ಅನ್ನುವುದನ್ನು 'ಬೋರ್ಡ್, ಕಾಫಿ' ಅಂತ ಮಾಡಿಬಿಟ್ಟ ಪಟ್ಟಿಗಳು ಇದನ್ನು ಒತ್ತದೆ ಹುಟ್ಟಿದವು.

ಕನ್ನಡ ಪುಸ್ತಕ ಸೇರಿಸುವಾಗ ಇನ್ನೊಂದು ತಮಾಷೆ. ಐಎಸ್‌ಬಿಎನ್ ಹಾಕಿದರೆ ಎಷ್ಟೋ ಪುಸ್ತಕ ಸಿಗುವುದೇ ಇಲ್ಲ. ಸಿಕ್ಕರೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ, ಅಕ್ಷರದ ತಲೆ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕಿ. ಇಂಗ್ಲಿಷ್ ಥೀಸಿಸ್‌ಗೆ ಅದು ಚಿನ್ನ, ಹಾಗೇ ಇಟ್ಟುಕೊಳ್ಳಿ. ಕನ್ನಡ ಥೀಸಿಸ್ ಆದರೆ ಕೈಯಾರೆ ಕನ್ನಡದಲ್ಲಿ ಟೈಪ್ ಮಾಡಬೇಕು, ಬೇರೆ ದಾರಿಯಿಲ್ಲ. ಒಂದು ಡಾಕ್ಯುಮೆಂಟ್‌ಗೆ ಒಂದೇ ಭಾಷೆಯ ಸಿದ್ಧಪದಗಳು ಅನ್ನುವುದು ಸಿಎಸ್ಎಲ್ ಲೆಕ್ಕ. ಹಾಗಾಗಿ ಕನ್ನಡ ಪುಸ್ತಕದ ಮುಂದೆ 'ಸಂ.' ಅಂತ ಬರಬೇಕಾದಲ್ಲಿ ಇಂಗ್ಲಿಷ್‌ನ 'ಎಡ್.' ಬಂದು ಕೂರುತ್ತದೆ. ಕೊನೆಯಲ್ಲಿ ಹುಡುಕಿ ಬದಲಿಸಬೇಕು. ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು ಅಂತ ಎರಡು ಪಟ್ಟಿ ಬೇಕು ಅಂತ ಗೈಡ್ ಹೇಳಿದರೆ ಜೊಟೆರೊ ಅದನ್ನು ತಾನಾಗಿ ಮಾಡುವುದಿಲ್ಲ. ಸಮಾಧಾನ ಏನೆಂದರೆ, ಅಕಾರಾದಿ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರದವೆಲ್ಲ ಮುಗಿದ ಮೇಲೇ ಕನ್ನಡದವು ಒಟ್ಟಾಗಿ ಬರುತ್ತವೆ, ಕತ್ತರಿಸಿ ಮೇಲೆ ಇಟ್ಟರಾಯಿತು.

ಶಾಸನಗಳ ವಿಷಯದಲ್ಲಿ ಯಾವ ಸಾಫ್ಟ್‌ವೇರೂ ನಮ್ಮ ಕಷ್ಟ ಬಲ್ಲದ್ದಲ್ಲ. ನಮ್ಮ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ರೈಸ್ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ ಸಂಪುಟ 5, ಬಂದಿದ್ದು 1902ರಲ್ಲಿ. ಈಗಿನ ಚಿಕ್ಕಮಗಳೂರಿನ ಶಾಸನಗಳು 1901ರ ಸಂಪುಟ 6ರಲ್ಲಿವೆ, ಆದರೆ ಪುಸ್ತಕದ ಮೇಲೆ ಇರುವುದು ಕಡೂರು ಜಿಲ್ಲೆ ಅಂತ, ಆಗ ಜಿಲ್ಲೆಯ ಹೆಸರೇ ಅದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಯೂ ಬೇರೆ, ಶಾಸನದ ಸಂಖ್ಯೆಯೂ ಬೇರೆ. ಹಾಗಾಗಿ 'ಬೇಲೂರು 58' ಅಂತಷ್ಟೇ ಬರೆದರೆ ಓದುವವನು ಯಾವ ಆವೃತ್ತಿ ಅಂತ ತಲೆ ಕೆರೆದುಕೊಳ್ಳಬೇಕು. ಪ್ರತಿ ಶಾಸನಕ್ಕೂ ಒಂದೊಂದು ಎಂಟ್ರಿ ಮಾಡುವುದು ವ್ಯರ್ಥ. ಎರಡು ಆವೃತ್ತಿಯ ಸಂಪುಟಗಳನ್ನು ಬೇರೆ ಬೇರೆ ಎಂಟ್ರಿ ಮಾಡಿ. ಶಾಸನದ ಸಂಖ್ಯೆಯನ್ನು ಪುಟಸಂಖ್ಯೆ ಹಾಕುವ ಜಾಗದಲ್ಲಿ ಉಲ್ಲೇಖ ಸೇರಿಸುವಾಗಲೇ ಕೊಡಿ. ಹಳೆಯ ಊರಿನ ಹೆಸರು, ಹಳೆಯ ಸ್ಪೆಲಿಂಗ್ ತಿದ್ದಬೇಡಿ. ಇಂಗ್ಲಿಷ್‌ನಲ್ಲಿ ಚಿಕ್ಕಮಗಳೂರು ಅಂತ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚಿನ ಲೇಖನದ ಶೀರ್ಷಿಕೆಯಲ್ಲಿ ಚಿಕ್‌ಮಗಳೂರ್ ಅಂತಿದ್ದರೆ ಹಾಗೇ ಇರಬೇಕು.

ಈಗ ನುಡಿ ಫಾಂಟ್. ಜೊಟೆರೊ ಆಗಲಿ ಮೆಂಡಲೇ ಆಗಲಿ ಅರ್ಥ ಮಾಡಿಕೊಳ್ಳುವುದು ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದ ಕನ್ನಡ ಮಾತ್ರ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ, ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಕನ್ನಡದ ವೇಷ ಹಾಕಿಕೊಂಡಿದೆ ಅಷ್ಟೇ. ಅದನ್ನು ಕಾಪಿ ಮಾಡಿ ಜೊಟೆರೊ ಖಾನೆಗೆ ಹಾಕಿದರೆ ವೇಷ ಕಳಚಿ ಕಲಸುಮೇಲೋಗರ ಕಾಣುತ್ತದೆ. ಕನ್ನಡದಲ್ಲಿ ಬರೆಯುವವರು ಸಾಫ್ಟ್‌ವೇರ್ ಯಾವುದು ಅಂತ ಯೋಚಿಸುವ ಮೊದಲು ತಮ್ಮ ಬರಹವನ್ನು ಯೂನಿಕೋಡ್‌ಗೆ ತಂದುಕೊಳ್ಳಬೇಕು, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಾಡಿಸಿ ನೋಡಿ, ಅಲ್ಲೇ ಹೆಚ್ಚು ಎಡವುತ್ತವೆ.

ಡಿಟಿಪಿ ಸೆಂಟರ್‌ಗೆ ಕೊಡುವಾಗ ಎರಡು ಪ್ರತಿ ಮಾಡಿ. ಒಂದರಲ್ಲಿ ಫೀಲ್ಡ್‌ಗಳು ಜೀವಂತ ಇರಲಿ, ಅದು ನಿಮ್ಮ ಹತ್ತಿರವೇ ಇರಬೇಕು. ಇನ್ನೊಂದರಲ್ಲಿ ಅನ್‌ಲಿಂಕ್ ಗುಂಡಿ ಒತ್ತಿ ಎಲ್ಲವನ್ನೂ ಬರಿಯ ಅಕ್ಷರ ಮಾಡಿ ಕೊಡಿ. ಜೀವಂತ ಪ್ರತಿಯನ್ನೇ ಕೊಟ್ಟರೆ ಅವರು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದು ಸೇವ್ ಮಾಡಿದ ಕೂಡಲೇ ಫೀಲ್ಡ್‌ಗಳು ಹೋಗಬಹುದು. ಆಮೇಲೆ ವೈವಾ ಮುಂಚೆ ಗೈಡ್ 'ಇನ್ನೊಂದು ಆಕರ ಸೇರಿಸಿ' ಅಂದರೆ ಕೈಯಲ್ಲೇ ನಂಬರ್ ತಿದ್ದುತ್ತಾ ಕೂರಬೇಕು.

ತಾನಾಗಿ ಬಂದ ವಿವರವನ್ನು ಹಾಗೇ ನಂಬುವುದೂ ಬೇಡ. ಕಾಫಿ ಎಲೆ ತುಕ್ಕಿನ ಶಿಲೀಂಧ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್, ಅದು ವಾರೆ ಅಕ್ಷರದಲ್ಲಿ ಇರಬೇಕು, ತಾನಾಗಿ ಬರುವಾಗ ಎಷ್ಟೋ ಸಲ ನೆಟ್ಟಗೆ ಬರುತ್ತದೆ. ಇಂಗ್ಲಿಷ್ ಶೀರ್ಷಿಕೆಯನ್ನು ಸಣ್ಣಕ್ಷರಕ್ಕೆ ಬದಲಿಸುವ ಆಯ್ಕೆ ಒತ್ತಿದರೆ ಊರಿನ ಹೆಸರೂ ಸಣ್ಣಕ್ಷರವಾಗಬಹುದು. ಚಾಟ್‌ಬಾಟ್ ಕೊಟ್ಟ ಆಕರ ಪಟ್ಟಿಯಲ್ಲಂತೂ ಇಲ್ಲದ ಲೇಖನಗಳೇ ಇರಬಹುದು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಡಿಒಐ ಹಾಕಿ ನೋಡಿ, ಬೇರೇನೋ ಬಂದರೆ ಅಥವಾ ಏನೂ ಬರದಿದ್ದರೆ ಅನುಮಾನಪಡಿ. ಜೊಟೆರೊದಲ್ಲಿ 2019ರಿಂದ ಇನ್ನೊಂದು ಉಪಕಾರವಿದೆ: ನಿಮ್ಮ ಸಂಗ್ರಹದಲ್ಲಿರುವ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿದ್ದರೆ ಕೆಂಪು ಪಟ್ಟಿ ತೋರಿಸಿ ಎಚ್ಚರಿಸುತ್ತದೆ. ವೈದ್ಯಕೀಯದವರಿಗೆ ಇದೊಂದೇ ಸಾಕು ಅಂತ ನನಗನಿಸುತ್ತದೆ.

ಜಾಗದ ಲೆಕ್ಕ ಬೇಗ ಮುಗಿಸುತ್ತೇನೆ. ಮೆಂಡಲೇ ಆನ್‌ಲೈನ್‌ನಲ್ಲಿ ಉಚಿತವಾಗಿ 2 ಜಿಬಿ ಕೊಡುತ್ತದೆ, ಜೊಟೆರೊ 300 ಎಂಬಿ. ಜೊಟೆರೊದ ಮಿತಿ ಪಿಡಿಎಫ್‌ನಂಥ ಫೈಲ್‌ಗಳಿಗೆ ಮಾತ್ರ, ಆಕರದ ವಿವರಗಳಿಗೆ ಮಿತಿ ಇಲ್ಲ. ಫೈಲ್ ಸಿಂಕ್ ಆಫ್ ಮಾಡಿ ಪಿಡಿಎಫ್‌ಗಳನ್ನು ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡರೆ ಬಿಡಿಗಾಸು ಖರ್ಚಿಲ್ಲ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುವ ದಿನಗಳಲ್ಲಿ ಎಲ್ಲವೂ ಲ್ಯಾಪ್‌ಟಾಪ್‌ನಲ್ಲೇ ಇರುವುದು ದೊಡ್ಡ ಅನುಕೂಲ. ಆದರೆ ಜೊಟೆರೊದ ಡೇಟಾ ಫೋಲ್ಡರ್ ಅನ್ನೇ ಡ್ರಾಪ್‌ಬಾಕ್ಸ್ ಅಥವಾ ಗೂಗಲ್ ಡ್ರೈವ್ ಒಳಗೆ ಇಡಬೇಡಿ, ಡೇಟಾಬೇಸ್ ಕೆಡಬಹುದು. ಜೊಟೆರೊ ಮುಚ್ಚಿ, ಆ ಫೋಲ್ಡರ್ ಅನ್ನು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಹಾಗಾದರೆ ಯಾವುದು? ಹೆಚ್ಚಿನವರಿಗೆ ನನ್ನ ಓಟು ಜೊಟೆರೊಗೆ. ವರ್ಡ್ ಬದಲು ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದಲ್ಲಿ ಬರೆಯುವ ಎಂಜಿನಿಯರಿಂಗ್, ಗಣಿತದವರು ಜ್ಯಾಬ್‌ರೆಫ್ ನೋಡಿ. ಅದು ಕೆಲಸ ಮಾಡುವುದು ನೇರವಾಗಿ ಬಿಬ್‌ಟೆಕ್ ಫೈಲ್ ಮೇಲೆ, 1985ರಿಂದ ಇರುವ ಸರಳ ಪಠ್ಯರೂಪ ಅದು, ಜ್ಯಾಬ್‌ರೆಫ್ ನಾಳೆ ಇಲ್ಲದಿದ್ದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ನಿಮ್ಮ ಲ್ಯಾಬ್ ಇಡೀ ಎಂಡ್‌ನೋಟ್‌ನಲ್ಲಿದ್ದು ಲೈಸೆನ್ಸ್ ಅವರೇ ಕೊಡುತ್ತಿದ್ದರೆ ಅದನ್ನೇ ಬಳಸಿ. ಜೊತೆಗೆ ಬರೆಯುವವರೆಲ್ಲ ಒಂದರಲ್ಲಿ, ನೀವೊಬ್ಬರು ಇನ್ನೊಂದರಲ್ಲಿ ಅಂದರೆ ಡಾಕ್ಯುಮೆಂಟ್ ಕೆಡುವುದು ಖಂಡಿತ.

ಆರಿಸುವ ಮೊದಲು ಒಂದು ಸಂಜೆ ಕೂತು ಪರೀಕ್ಷೆ ಮಾಡಿ. ಒಂದು ಇಂಗ್ಲಿಷ್ ಲೇಖನ, ಒಂದು ಕನ್ನಡ ಪುಸ್ತಕ, ಎಪಿಗ್ರಾಫಿಯಾದ ಒಂದು ಸಂಪುಟ, ಒಂದು ಸರ್ಕಾರಿ ವರದಿ ಸೇರಿಸಿ, ಒಂದು ಪುಟ ಬರೆಯಿರಿ, ಸ್ಟೈಲ್ ಬದಲಿಸಿ ನೋಡಿ, ಆಮೇಲೆ ಎಲ್ಲವನ್ನೂ ಆರ್‌ಐಎಸ್‌ನಲ್ಲಿ ಹೊರತೆಗೆದು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಏನು ಉಳಿಯಿತು, ಏನು ಕಳೆದುಹೋಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಸಬ್ಮಿಟ್ ಮಾಡಲು ಎರಡು ಮೂರು ತಿಂಗಳಷ್ಟೇ ಉಳಿದಿದ್ದರೆ ಮಾತ್ರ ಈ ಯಾವ ಸಾಹಸವೂ ಬೇಡ. ಈಗಿರುವುದರಲ್ಲೇ ಮುಗಿಸಿ, ಬದಲಾಯಿಸುವುದನ್ನು ವೈವಾ ಆದಮೇಲೆ ನೋಡಿದರಾಯಿತು.