ಇಂಟರಪ್ಟ್ ರೂಟಿಂಗ್: ಸಾಧನದ ಕರೆ ಕರ್ನಲ್ಲಿಗೆ ಮುಟ್ಟುವ ದಾರಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಎಪಿಎಂಸಿ ಸುತ್ತಮುತ್ತಲಿನ ವೇ ಬ್ರಿಡ್ಜ್‌ಗಳ ಮುಂದೆ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಗಾಡಿ ಮೇಲೆ ಹತ್ತಿ ನಿಂತಾಗ ಕೆಳಗಿನ ಲೋಡ್ ಸೆಲ್‌ಗಳು ಭಾರವನ್ನು ಅಳೆದು, ತೂಕ ತೋರಿಸುವ ಇಂಡಿಕೇಟರಿಗೆ ಕೊಡುತ್ತವೆ. ಇಂಡಿಕೇಟರಿನ ಹಿಂಭಾಗದಿಂದ ಒಂದು ಸೀರಿಯಲ್ ಕೇಬಲ್ ಕಂಪ್ಯೂಟರಿಗೆ ಹೋಗಿರುತ್ತದೆ. ತೂಕದ ಅಂಕಿಗಳು ಅದರಲ್ಲಿ ಒಂದರ ಹಿಂದೆ ಒಂದು ಬರುತ್ತಿರುತ್ತವೆ. ಅದೇ ಹೊತ್ತಿಗೆ ಕಂಪ್ಯೂಟರು ಹಿಂದಿನ ಗಾಡಿಯ ಚೀಟಿ ಪ್ರಿಂಟ್ ಮಾಡುತ್ತಿರುತ್ತದೆ, ಆಪರೇಟರು ಗಾಡಿ ನಂಬರ್ ಟೈಪ್ ಮಾಡುತ್ತಿರುತ್ತಾರೆ. ಆದರೂ ತೂಕದ ಒಂದು ಅಂಕಿಯೂ ತಪ್ಪಬಾರದು. ತಪ್ಪಿದರೆ ನಷ್ಟ ರೈತನಿಗೋ ವ್ಯಾಪಾರಿಗೋ ನೇರವಾಗಿ ತಟ್ಟುತ್ತದೆ.

ಇಷ್ಟೆಲ್ಲ ಕೆಲಸದ ನಡುವೆ ಆ ಅಂಕಿಗಳನ್ನು ತಪ್ಪದೆ ಹಿಡಿಯಲು ಕಂಪ್ಯೂಟರಿಗೆ ಇರುವ ಏರ್ಪಾಟೇ ಇಂಟರಪ್ಟ್. ಸಾಧನವೊಂದು "ನನ್ನ ಕಡೆ ನೋಡು" ಎಂದು ಪ್ರೊಸೆಸರಿಗೆ ಕಳಿಸುವ ಸಂಕೇತ ಅದು. ಸಂಕೇತ ಬಂದಾಗ ಪ್ರೊಸೆಸರು ಕೈಯಲ್ಲಿರುವ ಕೆಲಸವನ್ನು ಇದ್ದಲ್ಲೇ ನಿಲ್ಲಿಸಿ, ಎಲ್ಲಿಗೆ ನಿಲ್ಲಿಸಿದೆ ಎಂದು ಗುರುತಿಟ್ಟುಕೊಂಡು, ಆ ಸಾಧನಕ್ಕೆಂದು ಬರೆದ ಹ್ಯಾಂಡ್ಲರ್ ಎಂಬ ತುಣುಕು ಪ್ರೋಗ್ರಾಮನ್ನು ಓಡಿಸಿ, ಮತ್ತೆ ಹಳೆಯ ಕೆಲಸಕ್ಕೆ ಮರಳುತ್ತದೆ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಓದುವ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಬರೆಯುವುದು ಇಷ್ಟನ್ನೇ. ಬರೆದದ್ದು ಸರಿ. ಆದರೆ ಇದರಲ್ಲಿ ಅರ್ಧ ಕತೆ ಬಿಟ್ಟುಹೋಗಿದೆ. ಸಂಕೇತದಲ್ಲಿ ತೂಕವೆಷ್ಟು ಎಂಬುದು ಇರುವುದಿಲ್ಲ, ಯಾವ ಸಾಧನ ಕರೆಯಿತು ಎಂಬ ಹೆಸರೂ ಇರುವುದಿಲ್ಲ. ಯಾವುದೋ ಒಂದು ತಂತಿಯಲ್ಲಿ ವೋಲ್ಟೇಜ್ ಬದಲಾಯಿತು, ಅಷ್ಟೇ. ಅದರಿಂದ ಸರಿಯಾದ ಕೋರ್ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕ), ಸರಿಯಾದ ಹ್ಯಾಂಡ್ಲರ್ ಹೇಗೆ ಸಿಕ್ಕಿತು? ಅದನ್ನು ಹುಡುಕಿಕೊಡುವ ಕೆಲಸಕ್ಕೆ ಇಂಟರಪ್ಟ್ ರೂಟಿಂಗ್ ಎನ್ನುತ್ತಾರೆ. ಆ ದಾರಿ ಹಾಕಿಕೊಡುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಈ ದಾರಿ ಗೊತ್ತಿಲ್ಲದಿದ್ದರೆ ಕಂಪ್ಯೂಟರು ಕೈಕೊಟ್ಟ ದಿನ ಎಲ್ಲಿ ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ.

ಮೊದಲು ಸಮಯದ ಲೆಕ್ಕ ನೋಡೋಣ. ಸೀರಿಯಲ್ ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್ ಎಂದಿಟ್ಟುಕೊಳ್ಳಿ. ಒಂದು ಅಕ್ಷರಕ್ಕೆ ಶುರು, ಕೊನೆಯ ಬಿಟ್‌ಗಳೂ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದಕ್ಕೆ ಒಂದು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು. ಮೊದಲ ಐಬಿಎಂ ಪಿಸಿಗಳಲ್ಲಿದ್ದ 8250 ಎಂಬ ಸೀರಿಯಲ್ ಚಿಪ್ಪು ಬಂದ ಒಂದೇ ಒಂದು ಅಕ್ಷರವನ್ನು ಇಟ್ಟುಕೊಳ್ಳಬಲ್ಲದು. ಮುಂದಿನದು ಪೂರ್ತಿ ಬರುವಷ್ಟರಲ್ಲಿ ಪ್ರೊಸೆಸರು ಇದನ್ನು ಎತ್ತಿಕೊಳ್ಳದಿದ್ದರೆ ಹಳೆಯದು ಹೋಯಿತು. ಆಮೇಲೆ ಬಂದ 16550ಎ ಚಿಪ್ಪಿನಲ್ಲಿ 16 ಅಕ್ಷರ ಹಿಡಿಸುವ ಸಾಲು ಇದೆ. ಸಾಲು ನಿಗದಿತ ಮಟ್ಟಕ್ಕೆ ತುಂಬಿದಾಗ ಅದು ಇಂಟರಪ್ಟ್ ಎಬ್ಬಿಸುತ್ತದೆ. ಅಷ್ಟು ತುಂಬದೆ ಸಾಲು ಸುಮ್ಮನಾದರೂ, ನಾಲ್ಕು ಅಕ್ಷರದ ಹೊತ್ತು ಕಾದು ಕರೆಯುತ್ತದೆ. ಈ ಎರಡನೆಯ ನಿಯಮ ಇಲ್ಲದೆ ಹೋಗಿದ್ದರೆ ತೂಕದ ಕೊನೆಯ ಅಂಕಿಗಳು ಚಿಪ್ಪಿನೊಳಗೇ ಕುಳಿತಿರುತ್ತಿದ್ದವು.

ಇಂಟರಪ್ಟ್ ಬೇಡವೆಂದರೆ ಉಳಿಯುವ ದಾರಿ ಪೋಲಿಂಗ್. "ಬಂತಾ, ಬಂತಾ" ಎಂದು ಪ್ರೊಸೆಸರೇ ಚಿಪ್ಪನ್ನು ಮತ್ತೆ ಮತ್ತೆ ಕೇಳುತ್ತಿರಬೇಕು. ಏನೂ ಬಾರದಿದ್ದಾಗ ಇದು ಬರೀ ದಂಡ. ಪೋಲಿಂಗನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಮುಂದೆ ಅದಕ್ಕೂ ಒಂದು ಕಾಲ ಬರುತ್ತದೆ.

ಈಗ ದಾರಿಯ ವಿಷಯ. 1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ ಕಂಪನಿಯ 8259ಎ ಎಂಬ ಇಂಟರಪ್ಟ್ ಕಂಟ್ರೋಲರ್ ಇತ್ತು. ಅದಕ್ಕೆ ಎಂಟು ಸಾಧನಗಳ ತಂತಿ ಬರುತ್ತಿತ್ತು, ಅದರಿಂದ ಪ್ರೊಸೆಸರಿಗೆ ಹೋಗುತ್ತಿದ್ದದ್ದು ಒಂದೇ ತಂತಿ. ಟೈಮರ್ 0, ಕೀಬೋರ್ಡ್ 1, ಮೊದಲ ಸೀರಿಯಲ್ ಪೋರ್ಟ್ 4, ಫ್ಲಾಪಿ 6. ಐಆರ್‌ಕ್ಯೂ ನಂಬರ್ ಎನ್ನುವುದು ಇದನ್ನೇ. 1984ರ ಎಟಿ ಮಾದರಿಯಲ್ಲಿ ಇಂಥ ಎರಡು ಚಿಪ್ಪುಗಳನ್ನು ಒಂದಕ್ಕೊಂದು ಜೋಡಿಸಿದರು. ಜೋಡಿಸಲು ಒಂದು ತಂತಿ ಖರ್ಚಾಗಿ 15 ಉಳಿದವು.

ಇಲ್ಲೊಂದು ಎಡವಟ್ಟು ನಡೆದಿತ್ತು. ಪ್ರೊಸೆಸರಿನ ಒಳಗೆ ಪ್ರತಿ ಇಂಟರಪ್ಟಿಗೂ ವೆಕ್ಟರ್ ಎಂಬ ಬೇರೆಯೇ ಒಂದು ನಂಬರ್ ಇರುತ್ತದೆ, 0ಯಿಂದ 255ರವರೆಗೆ. ಅದರಲ್ಲಿ ಮೊದಲ 32ನ್ನು ಇಂಟೆಲ್ ತನ್ನ ಪ್ರೊಸೆಸರಿನ ಸ್ವಂತ ತಕರಾರುಗಳಿಗೆ ಮೀಸಲಿಟ್ಟಿತ್ತು. ಸೊನ್ನೆಯಿಂದ ಭಾಗಿಸಿದರೆ ವೆಕ್ಟರ್ 0, ಬೇಕಾದ ಮೆಮೊರಿ ಪುಟ ಸಿಗದೆ ಪೇಜ್ ಫಾಲ್ಟ್ ಆದರೆ 14, ಹೀಗೆ. ಆದರೆ ಐಬಿಎಂ ಪಿಸಿಯಲ್ಲಿ ಸಾಧನಗಳ ಇಂಟರಪ್ಟುಗಳನ್ನು 8ರಿಂದ 15ರ ವೆಕ್ಟರುಗಳಿಗೆ ಕಟ್ಟಿಬಿಟ್ಟರು. ಮುಂದಿನ ಪ್ರೊಸೆಸರುಗಳಲ್ಲಿ ಅದೇ ನಂಬರುಗಳು ಬಳಕೆಗೆ ಬಂದಾಗ ವೆಕ್ಟರ್ 8ಕ್ಕೆ ಬಂದದ್ದು ಟೈಮರೋ, ಒಂದು ತಕರಾರಿನ ನಡುವೆ ಇನ್ನೊಂದು ಬಂದ ಡಬಲ್ ಫಾಲ್ಟೋ ಎಂದು ಹೇಳಲಾಗದ ಪರಿಸ್ಥಿತಿ. ಅದಕ್ಕೇ ಲಿನಕ್ಸ್‌ನಂಥ ಕರ್ನಲ್‌ಗಳು ಹಳೆಯ ಕಂಟ್ರೋಲರಿಗೆ "ನಿನ್ನ ನಂಬರುಗಳನ್ನು 32ರಿಂದಾಚೆಗೆ ಸರಿಸಿಕೋ" ಎಂದು ಹೇಳುತ್ತವೆ. ಆಪರೇಟಿಂಗ್ ಸಿಸ್ಟಮನ್ನು ಸ್ವಂತ ಬರೆದು ಕಲಿಯಲು ಕೂತವರು ಯಾರೇ ಆದರೂ ಹೀಗೆ ಸರಿಸುವ ಕೋಡಿನ ಸಾಲುಗಳನ್ನು ಬರೆಯಬೇಕಾಗುತ್ತದೆ.

ಹಲವು ಕೋರ್‌ಗಳ ಪ್ರೊಸೆಸರುಗಳು ಬಂದಮೇಲೆ ಒಂದೇ ತಂತಿ ಸಾಲದಾಯಿತು. ಈಗಿನ ಪಿಸಿಗಳಲ್ಲಿ ಎರಡು ಹಂತ. ಸಾಧನಗಳ ತಂತಿಗಳು ಮೊದಲು ಐಒ ಎಪಿಕ್ ಎಂಬ ಕಂಟ್ರೋಲರಿಗೆ ಬರುತ್ತವೆ. ಸಾಮಾನ್ಯವಾಗಿ ಅದಕ್ಕೆ 24 ಪಿನ್. ಪ್ರತಿ ಪಿನ್ನಿಗೂ ಅದರೊಳಗೆ ಒಂದು ಪಟ್ಟಿಯ ಸಾಲು ಇರುತ್ತದೆ: ಯಾವ ವೆಕ್ಟರ್, ಯಾವ ಕೋರಿಗೆ, ಈಗ ಬಾಯಿ ಮುಚ್ಚಿಸಿದೆಯೋ ಇಲ್ಲವೋ. ಪ್ರತಿ ಕೋರಿನೊಳಗೂ ಲೋಕಲ್ ಎಪಿಕ್ ಇದ್ದು, ಅದು ಆ ಸಂದೇಶವನ್ನು ಪಡೆದುಕೊಳ್ಳುತ್ತದೆ. ಕಂಪ್ಯೂಟರು ಶುರುವಾಗುವಾಗ ಈ ಪಟ್ಟಿಯನ್ನು ತುಂಬುವುದು ಕರ್ನಲ್ಲಿನ ಕೆಲಸ. ಕರ್ನಲ್ ಇಂಟರಪ್ಟುಗಳನ್ನು ರೂಟ್ ಮಾಡುತ್ತದೆ ಎಂಬ ಮಾತಿನ ಅರ್ಥ ಇಲ್ಲಿದೆ. ಒಂದೊಂದು ಕರೆ ಬಂದಾಗಲೂ ಅದು ಕೂತು ಯೋಚಿಸುವುದಿಲ್ಲ. ಪಟ್ಟಿಗಳನ್ನು ಮೊದಲೇ ಬರೆದಿಟ್ಟಿರುತ್ತದೆ, ಆಮೇಲೆ ಹಾರ್ಡ್‌ವೇರ್ ಆ ಪಟ್ಟಿಯ ಪ್ರಕಾರ ನಡೆಯುತ್ತದೆ.

ವೇ ಬ್ರಿಡ್ಜಿನ ಆ ಅಂಕಿಯನ್ನೇ ಹಿಂಬಾಲಿಸೋಣ. ಸೀರಿಯಲ್ ಚಿಪ್ಪು ತನ್ನ ತಂತಿ ಎತ್ತುತ್ತದೆ. ಐಒ ಎಪಿಕ್ ನಾಲ್ಕನೇ ಪಿನ್ನಿನ ಸಾಲು ನೋಡಿ, ಅಲ್ಲಿ ಬರೆದ ಕೋರಿಗೆ ವೆಕ್ಟರ್ ನಂಬರ್ ಕಳಿಸುತ್ತದೆ. ಆ ಕೋರು ಕೈಯಲ್ಲಿನ ಇನ್‌ಸ್ಟ್ರಕ್ಷನ್ ಮುಗಿಸಿ, ಮರಳಿ ಬರಬೇಕಾದ ವಿಳಾಸ, ಫ್ಲ್ಯಾಗುಗಳು, ಸ್ಟ್ಯಾಕ್ ಪಾಯಿಂಟರ್ ಎಲ್ಲವನ್ನೂ ಸ್ಟ್ಯಾಕ್ ಎಂಬ ಮೆಮೊರಿ ಜಾಗದಲ್ಲಿಟ್ಟು, 256 ಸಾಲುಗಳ ಇಂಟರಪ್ಟ್ ಡಿಸ್ಕ್ರಿಪ್ಟರ್ ಟೇಬಲ್ಲಿನಲ್ಲಿ ಆ ವೆಕ್ಟರಿನ ಸಾಲಿಗೆ ಹೋಗುತ್ತದೆ. ಅಲ್ಲಿಂದ ಕರ್ನಲ್ಲಿನ ಕೋಡ್ ಶುರು. ಲಿನಕ್ಸ್‌ನಲ್ಲಿ ಪ್ರತಿ ಕೋರಿಗೂ ಅದರದ್ದೇ ವೆಕ್ಟರ್ ಪಟ್ಟಿ ಇದೆ, ಒಂದೇ ವೆಕ್ಟರ್ ಎರಡು ಕೋರ್‌ಗಳಲ್ಲಿ ಬೇರೆ ಬೇರೆ ಸಾಧನಕ್ಕೆ ಸೇರಿರಬಹುದು. ಆ ಪಟ್ಟಿಯಿಂದ ಇಂಟರಪ್ಟಿನ ವಿವರಗಳ ದಾಖಲೆ ಸಿಗುತ್ತದೆ. ದಾಖಲೆಗೆ ಹ್ಯಾಂಡ್ಲರುಗಳ ಸರಪಳಿ ಅಂಟಿಕೊಂಡಿರುತ್ತದೆ. ಸೀರಿಯಲ್ ಡ್ರೈವರು (ಆ ಚಿಪ್ಪನ್ನು ನಡೆಸುವ ಪ್ರೋಗ್ರಾಮು) ಪೋರ್ಟ್ ತೆರೆದಾಗ "ಈ ನಂಬರಿಗೆ ಕರೆ ಬಂದರೆ ನನ್ನನ್ನು ಎಬ್ಬಿಸು" ಎಂದು ಹೆಸರು ಬರೆಸಿಕೊಂಡಿತ್ತು. ಈಗ ಅದರ ಸರದಿ. ಅದು ಚಿಪ್ಪನ್ನು "ಏನು ಕಾರಣಕ್ಕೆ ಕರೆದೆ" ಎಂದು ಕೇಳಿ, ಇರುವ ಅಕ್ಷರಗಳನ್ನೆಲ್ಲ ಬಾಚಿಕೊಂಡು ಬಫರಿಗೆ ಹಾಕಿ ಹೊರಡುತ್ತದೆ. ತೂಕದ ಪ್ರೋಗ್ರಾಮಿಗೆ ಅಂಕಿ ಮುಟ್ಟುವುದು ಆಮೇಲೆ, ಬೇರೆ ಹಂತದಲ್ಲಿ.

ಈ "ಆಮೇಲೆ" ಬಹಳ ಮುಖ್ಯ. ಹ್ಯಾಂಡ್ಲರು ಓಡುವಾಗ ಆ ಕೋರಿನಲ್ಲಿ ಸಾಮಾನ್ಯವಾಗಿ ಬೇರೆ ಇಂಟರಪ್ಟುಗಳಿಗೆ ಬಾಗಿಲು ಮುಚ್ಚಿರುತ್ತದೆ. ಅದು ನಿದ್ದೆ ಹೋಗುವಂತಿಲ್ಲ, ಡಿಸ್ಕಿಗಾಗಿ ಕಾಯುವಂತಿಲ್ಲ. ಹಾಗಾಗಿ ಕೆಲಸವನ್ನು ಎರಡಾಗಿ ಹೋಳು ಮಾಡುತ್ತಾರೆ. ತಕ್ಷಣ ಮಾಡಲೇಬೇಕಾದದ್ದು ಟಾಪ್ ಹಾಫ್, ಬಾಗಿಲು ತೆರೆದಮೇಲೆ ನಿಧಾನವಾಗಿ ಮಾಡಬಹುದಾದದ್ದು ಬಾಟಮ್ ಹಾಫ್. ಸಾಫ್ಟ್‌ಐಆರ್‌ಕ್ಯೂ, ವರ್ಕ್‌ಕ್ಯೂ ಎಂಬ ಹೆಸರುಗಳೆಲ್ಲ ಈ ಎರಡನೆಯ ಹೋಳಿನ ಬಗೆಗಳು. ಹ್ಯಾಂಡ್ಲರಿನಲ್ಲಿ ಕೆಲಸ ತುರುಕಿದ ಡ್ರೈವರು ಇಡೀ ಕಂಪ್ಯೂಟರನ್ನು ತಡವರಿಸುವಂತೆ ಮಾಡುತ್ತದೆ. ಡ್ರೈವರ್ ಬರೆಯಲು ಹೊರಟವರು ಮೊದಲು ಕಲಿಯಬೇಕಾದ ಶಿಸ್ತು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. 2024ರಲ್ಲಿ ಲಿನಕ್ಸ್ 6.12ರ ಮುಖ್ಯ ಮೂಲಕ್ಕೆ ಸೇರಿದ ರಿಯಲ್‌ಟೈಮ್ ವ್ಯವಸ್ಥೆಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ ಬಹುತೇಕ ಹ್ಯಾಂಡ್ಲರುಗಳು ಕರ್ನಲ್ ಸರದಿ ಕೊಟ್ಟು ಓಡಿಸುವ ಥ್ರೆಡ್ಡುಗಳಾಗಿ ಓಡುತ್ತವೆ, ಹೆಚ್ಚು ತುರ್ತಿನ ಕೆಲಸ ಬಂದರೆ ಅವನ್ನೂ ಪಕ್ಕಕ್ಕೆ ಸರಿಸಬಹುದು.

ಪಿನ್ನುಗಳು ಕಡಿಮೆ, ಸಾಧನಗಳು ಹೆಚ್ಚು. ಮದರ್‌ಬೋರ್ಡಿಗೆ ಸಿಕ್ಕಿಸುವ ಹಳೆಯ ಪಿಸಿಐ ಕಾರ್ಡುಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಆಗ ಕರ್ನಲ್ ಸರಪಳಿಯ ಹ್ಯಾಂಡ್ಲರುಗಳನ್ನೆಲ್ಲ ಕೇಳುತ್ತಾ ಹೋಗುತ್ತದೆ, ಪ್ರತಿಯೊಬ್ಬರೂ "ನನ್ನದು" ಅಥವಾ "ನನ್ನದಲ್ಲ" ಎನ್ನಬೇಕು. ಎಲ್ಲರೂ ನನ್ನದಲ್ಲ ಎಂದರೆ? ತಂತಿ ಎತ್ತಿಕೊಂಡೇ ಇರುತ್ತದೆ, ಕರೆ ನಿಲ್ಲುವುದಿಲ್ಲ, ಕೋರು ಬೇರೇನೂ ಮಾಡಲಾರದು. ಲಿನಕ್ಸ್ ಇದಕ್ಕೊಂದು ಮಿತಿ ಇಟ್ಟಿದೆ. 1,00,000 ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ "ನೋಬಡಿ ಕೇರ್ಡ್" ಎಂಬ ಸಂದೇಶ ಬರೆದು ಆ ತಂತಿಯನ್ನೇ ಮುಚ್ಚುತ್ತದೆ. ತಂತಿ ಮುಚ್ಚಿದರೆ ಅದೇ ತಂತಿ ಹಂಚಿಕೊಂಡ, ಯಾವ ತಪ್ಪೂ ಮಾಡದ ಸಾಧನವೂ ಸತ್ತಂತಾಗುತ್ತದೆ. ನೆಟ್‌ವರ್ಕ್ ಇದ್ದಕ್ಕಿದ್ದಂತೆ ನಿಂತು, ದೋಷ ಪಕ್ಕದ ಕಾರ್ಡಿನದ್ದಾಗಿರುವುದು ಹೀಗೆ.

ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳು ಈಗ ಹೆಚ್ಚಾಗಿ ಬಳಸುವುದು ಎಂಎಸ್‌ಐ ಎಂಬ ವಿಧಾನ. ಇದರಲ್ಲಿ ತಂತಿಯೇ ಇಲ್ಲ. ಕರ್ನಲ್ ಮೊದಲೇ ಹೇಳಿಕೊಟ್ಟ ವಿಳಾಸಕ್ಕೆ ಸಾಧನವು ಒಂದು ಅಂಕಿ ಬರೆಯುತ್ತದೆ. ವಿಳಾಸದಲ್ಲಿ ಕೋರು, ಅಂಕಿಯಲ್ಲಿ ವೆಕ್ಟರು ಅಡಗಿದೆ. ಹಂಚಿಕೊಳ್ಳುವ ರಗಳೆ ತಪ್ಪಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ತಂತಿಯ ಕಾಲದಲ್ಲಿ ಸಾಧನ ಮೆಮೊರಿಗೆ ಬರೆದ ಡೇಟಾ ಇನ್ನೂ ದಾರಿಯಲ್ಲಿರುವಾಗಲೇ ಇಂಟರಪ್ಟ್ ಮುಂಚೆ ಬಂದುಬಿಡುವ ಅಪಾಯವಿತ್ತು. ಎಂಎಸ್‌ಐ ಕೂಡ ಮೆಮೊರಿಗೆ ಬರೆಯುವ ಕ್ರಿಯೆಯೇ ಆದ್ದರಿಂದ ಅದು ಡೇಟಾದ ಬೆನ್ನಿಗೇ ಬರುತ್ತದೆ, ಮುಂದೆ ನುಗ್ಗುವುದಿಲ್ಲ. ಎಂಎಸ್‌ಐ ಎಕ್ಸ್ ಎಂಬ ಮುಂದುವರಿದ ರೂಪದಲ್ಲಿ ಒಂದೇ ಸಾಧನ 2048ರವರೆಗೆ ಇಂಟರಪ್ಟ್ ಇಟ್ಟುಕೊಳ್ಳಬಹುದು. ಹೀಗಾಗಿ ಎನ್‌ವಿಎಂಇ ಡಿಸ್ಕುಗಳು ಕೋರಿಗೊಂದು ಸಾಲು, ಸಾಲಿಗೊಂದು ಇಂಟರಪ್ಟ್ ಇಟ್ಟು, ಕೆಲಸ ಕೇಳಿದ ಕೋರಿಗೇ ಉತ್ತರ ಮುಟ್ಟಿಸುತ್ತವೆ.

ಪೋಲಿಂಗಿನ ಕಾಲ ಬರುವುದು ನೆಟ್‌ವರ್ಕಿನಲ್ಲಿ. ಗಿಗಾಬಿಟ್ ಸಂಪರ್ಕದಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ ಸುಮಾರು 14.88 ಲಕ್ಷ ಬರಬಹುದು. ಪ್ಯಾಕೆಟ್ಟಿಗೊಂದು ಇಂಟರಪ್ಟ್ ಎಂದರೆ ಪ್ರೊಸೆಸರು ಬರೀ ಓಗೊಡುತ್ತಲೇ ಇರಬೇಕು, ಪ್ಯಾಕೆಟ್ ಬಿಚ್ಚಿ ನೋಡಲು ಹೊತ್ತೇ ಸಿಗುವುದಿಲ್ಲ. ಅದಕ್ಕೆ ಲಿನಕ್ಸ್ ಕಂಡುಕೊಂಡ ಉಪಾಯ ನ್ಯಾಪಿ. ಮೊದಲ ಪ್ಯಾಕೆಟ್ಟಿಗೆ ಇಂಟರಪ್ಟ್ ತೆಗೆದುಕೊಂಡು, ತಕ್ಷಣ ಕಾರ್ಡಿನ ಬಾಯಿ ಮುಚ್ಚಿಸಿ, ಇರುವಷ್ಟನ್ನು ಕಂತು ಕಂತಾಗಿ ತಾನೇ ಕೇಳಿ ಪಡೆಯುತ್ತದೆ. ಸಾಲು ಖಾಲಿಯಾದಮೇಲೆ ಮತ್ತೆ ಇಂಟರಪ್ಟಿಗೆ ಅನುಮತಿ. ಯುಎಸ್‌ಬಿಯಲ್ಲಂತೂ ಕೀಬೋರ್ಡ್ ನೇರವಾಗಿ ಪ್ರೊಸೆಸರನ್ನು ಕರೆಯುವುದೇ ಇಲ್ಲ. ಕಂಪ್ಯೂಟರಿನಲ್ಲಿರುವ ಯುಎಸ್‌ಬಿ ಕಂಟ್ರೋಲರು ಅದನ್ನು ನಿಗದಿತ ಅಂತರದಲ್ಲಿ ಕೇಳುತ್ತಿರುತ್ತದೆ, ಉತ್ತರ ಸಿಕ್ಕಾಗ ಇಂಟರಪ್ಟ್ ಎಬ್ಬಿಸುವುದು ಕಂಟ್ರೋಲರು.

ಮೊಬೈಲಿನ ಆರ್ಮ್ ಪ್ರೊಸೆಸರುಗಳಲ್ಲಿ ಎಪಿಕ್ ಬದಲು ಜಿಐಸಿ ಎಂಬ ಕಂಟ್ರೋಲರ್. ಹೆಸರು ಬೇರೆ, ಪಟ್ಟಿ ನೋಡಿ ಕೋರಿಗೆ ಕಳಿಸುವ ಕೆಲಸ ಅದೇ. ಯಾವ ಸಾಧನ ಯಾವ ತಂತಿಯಲ್ಲಿದೆ ಎಂಬುದನ್ನು ಪಿಸಿಯಲ್ಲಿ ಫರ್ಮ್‌ವೇರ್ ಕೊಡುವ ಎಸಿಪಿಐ ಪಟ್ಟಿಗಳು ಹೇಳಿದರೆ, ಹೆಚ್ಚಿನ ಆರ್ಮ್ ಬೋರ್ಡುಗಳಲ್ಲಿ ಡಿವೈಸ್ ಟ್ರೀ ಎಂಬ ವಿವರಣೆಯ ಫೈಲ್ ಹೇಳುತ್ತದೆ.

ಇದೆಲ್ಲ ಕಣ್ಣಿಗೆ ಕಾಣುವ ಜಾಗ ಒಂದಿದೆ. ಲಿನಕ್ಸ್ ಕಂಪ್ಯೂಟರಿನ ಪ್ರೋಕ್ ಫೋಲ್ಡರಿನಲ್ಲಿ ಇಂಟರಪ್ಟ್ಸ್ ಎಂಬ ಫೈಲ್ ತೆರೆಯಿರಿ. ಎಡಗಡೆ ಲಿನಕ್ಸ್ ತಾನೇ ಕೊಟ್ಟ ಇಂಟರಪ್ಟ್ ನಂಬರ್, ನಂತರ ಕೋರಿಗೊಂದು ಕಾಲಮ್ಮಿನಂತೆ ಇಲ್ಲಿಯವರೆಗೆ ಬಂದ ಕರೆಗಳ ಎಣಿಕೆ, ಬಲಗಡೆ ಕಂಟ್ರೋಲರಿನ ಹೆಸರು, ಅದರ ಪಿನ್ನು, ಕೊನೆಗೆ ಡ್ರೈವರು ಬರೆಸಿದ ಹೆಸರು. ಎಡಗಡೆಯ ನಂಬರೂ ಹಾರ್ಡ್‌ವೇರ್ ನಂಬರೂ ಒಂದೇ ಆಗಬೇಕೆಂದಿಲ್ಲ. ಸೀರಿಯಲ್ ಪೋರ್ಟಿನಲ್ಲಿ ಎರಡೂ 4 ಇರುವುದು ಹಳೆಯ ಕಾಲದ ಬಳುವಳಿ.

"ಸಾರ್, ಇಂಡಿಕೇಟರಲ್ಲಿ ತೂಕ ತೋರಿಸ್ತೈತಿ, ಕಂಪ್ಯೂಟರಿಗೆ ಬರ್ತಿಲ್ಲ ನೋಡ್ರಿ" ಎಂದು ವೇ ಬ್ರಿಡ್ಜಿನವರು ಫೋನ್ ಮಾಡಿದರೆ, ಅಲ್ಲಿ ಲಿನಕ್ಸ್ ಇದ್ದು ಬೋರ್ಡಿನದೇ ಸೀರಿಯಲ್ ಪೋರ್ಟ್ ಇದ್ದರೆ, ನಾನು ಮೊದಲು ನೋಡಿಸುವುದು ಈ ಫೈಲನ್ನೇ. ಸೀರಿಯಲ್ ಪೋರ್ಟಿನ ಸಾಲೇ ಇಲ್ಲವೆಂದರೆ ತೂಕದ ಪ್ರೋಗ್ರಾಮು ಪೋರ್ಟನ್ನು ತೆರೆದಿಲ್ಲ. ಸಾಲಿದೆ, ಎರಡು ಸಲ ನೋಡಿದರೂ ಎಣಿಕೆ ಏರಿಲ್ಲ ಎಂದರೆ ಕೇಬಲ್ಲನ್ನೋ ಇಂಡಿಕೇಟರಿನ ಸೆಟ್ಟಿಂಗನ್ನೋ ನೋಡಬೇಕು. ಎಣಿಕೆ ಏರುತ್ತಿದೆ, ಪರದೆಯಲ್ಲಿ ಮಾತ್ರ ಕಸ ಅಕ್ಷರ ಎಂದರೆ ಬಾಡ್ ವೇಗ ಎರಡು ಕಡೆ ಹೊಂದಿಕೆಯಾಗಿಲ್ಲ. ಕೇಬಲ್ ಬದಲಿಸಲು ಅಂಗಡಿಗೆ ಓಡುವ ಮುಂಚೆ ಇಷ್ಟು ತಿಳಿದರೆ ಲಾರಿಗಳು ಕಾಯುವ ಹೊತ್ತು ಉಳಿಯುತ್ತದೆ.

ಎಣಿಕೆಗಳೆಲ್ಲ ಮೊದಲ ಕೋರಿನ ಕಾಲಮ್ಮಿನಲ್ಲೇ ಪೇರಿಕೊಂಡಿದ್ದರೆ, ಬಹುತೇಕ ಇಂಟರಪ್ಟುಗಳನ್ನು ಬೇರೆ ಕೋರಿಗೆ ತಿರುಗಿಸಬಹುದು. ಪ್ರೋಕ್‌ನ ಐಆರ್‌ಕ್ಯೂ ಫೋಲ್ಡರಿನಲ್ಲಿ ಪ್ರತಿ ನಂಬರಿಗೂ ಎಸ್‌ಎಂಪಿ ಅಫಿನಿಟಿ ಎಂಬ ಫೈಲ್ ಇದೆ, ಅಲ್ಲಿ ಕೋರುಗಳನ್ನು ಬರೆದರೆ ಕರ್ನಲ್ ಕಂಟ್ರೋಲರಿನ ಪಟ್ಟಿಯನ್ನು ತಿದ್ದುತ್ತದೆ. ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಸೇವೆ ಇದನ್ನು ಆಗಾಗ ತಾನೇ ಮಾಡುತ್ತಿರುತ್ತದೆ, ಕೈಯಾರೆ ಬರೆಯುವುದಿದ್ದರೆ ಮೊದಲು ಅದನ್ನು ನಿಲ್ಲಿಸಿಕೊಳ್ಳಿ. ಇಂಟರಪ್ಟ್ಸ್ ಫೈಲಿನ ತಳದಲ್ಲಿ ನಂಬರಿಲ್ಲದ ಕೆಲವು ಸಾಲುಗಳಿವೆ. ಎಲ್‌ಒಸಿ ಎಂಬುದು ಪ್ರತಿ ಕೋರಿನ ಸ್ವಂತ ಟೈಮರ್, ಆರ್‌ಇಎಸ್ ಎಂಬುದು ಒಂದು ಕೋರು ಇನ್ನೊಂದನ್ನು ಕರೆದ ಲೆಕ್ಕ. ಇಆರ್‌ಆರ್ ಎಂಬ ಸಾಲು ಸೊನ್ನೆ ಇರಬೇಕು. ಅದು ಏರುತ್ತಾ ಹೋದರೆ ಪ್ರೋಗ್ರಾಮಿನಲ್ಲಿ ಹುಡುಕುತ್ತಾ ಕೂರಬೇಡಿ, ಮದರ್‌ಬೋರ್ಡ್ ಕಡೆ ನೋಡಿ.